ಹಳೇ ಗ್ಯಾಸ್ಕೆಟ್ ಮತ್ತೆ ಹಾಕಬಹುದಾ? ಬೋಲ್ಟ್ ಎಷ್ಟು ಟೈಟ್ ಇರಬೇಕು?

ಪ್ರಶ್ನೆ: ಪಾಣತ್ತೂರು ದಾರಿಯಾಗಿ ಭಾಗಮಂಡಲಕ್ಕೆ ಹೋಗುವಾಗ ಘಾಟಿಯ ಏರಿನಲ್ಲಿ ನಮ್ಮ ಕಾರಿನ ಎಂಜಿನ್ ವಿಪರೀತ ಬಿಸಿಯಾಗಿ ನಿಂತುಹೋಯಿತು. ಈಗ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಿದ್ದಾರೆ. ‘ಪ್ಯಾಕಿಂಗ್ ಎಲ್ಲೂ ಹರಿದಿಲ್ಲ, ಪೇಸ್ಟ್ ಹಚ್ಚಿ ಅದನ್ನೇ ಕೂರಿಸೋಣ’ ಎನ್ನುತ್ತಾರೆ ಮೆಕ್ಯಾನಿಕ್. ಒಪ್ಪಿಕೊಳ್ಳಬಹುದಾ?
– ಓದುಗರು, ಬದಿಯಡ್ಕ

ಉತ್ತರ: ಬೇಡ. ಎರಡು ಭಾಗಗಳ ನಡುವೆ ಸೋರದಂತೆ ಇಡುವ ಪ್ಯಾಕಿಂಗೇ ಗ್ಯಾಸ್ಕೆಟ್. ನಿಮ್ಮದು ಹೆಡ್ ಮತ್ತು ಅದರ ಕೆಳಗಿನ ಬ್ಲಾಕಿನ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್. ಬೇರೆ ಗ್ಯಾಸ್ಕೆಟ್‌ಗಳ ವಿಷಯದಲ್ಲಿ ‘ನೋಡಿ ಹೇಳೋಣ’ ಎನ್ನಬಹುದು. ಹೆಡ್ ಗ್ಯಾಸ್ಕೆಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು.

ನಿಮ್ಮ ಕಡೆ ಹಾಳೆತಟ್ಟೆ ಮಾಡುವುದನ್ನು ನೋಡಿರುತ್ತೀರಿ. ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ಅದು ಆ ಅಚ್ಚಿನ ಆಕಾರಕ್ಕೇ ನಿಲ್ಲುತ್ತದೆ. ಹೆಡ್ ಗ್ಯಾಸ್ಕೆಟ್ ಕಥೆಯೂ ಅದೇ. ಬೋಲ್ಟ್ ಬಿಗಿದಾಗ ಅದು ಜಜ್ಜಿಕೊಂಡು, ಹೆಡ್ ಮತ್ತು ಬ್ಲಾಕಿನ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ತುಂಬುತ್ತದೆ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ. ಸಿಲಿಂಡರ್ ತೂತಿನ ಸುತ್ತ ಲೋಹದ ಉಂಗುರವಿದೆ ಅಲ್ವಾ, ಅದರ ಮೇಲೆ ಉಗುರು ಎಳೆಯಿರಿ. ಒತ್ತಿದ ಗುರುತು ಕೈಗೆ ಸಿಗುತ್ತದೆ. ಹೆಡ್ ಎತ್ತಿ ಮತ್ತೆ ಇಟ್ಟಾಗ ಆ ಗುರುತು ಮೊದಲಿನ ಜಾಗಕ್ಕೇ ಕೂದಲೆಳೆಯಷ್ಟೂ ತಪ್ಪದೆ ಕೂರುವುದಿಲ್ಲ. ಇನ್ನೊಮ್ಮೆ ಜಜ್ಜಿಕೊಳ್ಳಲು ಅದರಲ್ಲಿ ದಪ್ಪವೂ ಉಳಿದಿರುವುದಿಲ್ಲ. ಉಕ್ಕಿನ ಪದರಗಳ ಹೊಸ ಮಾದರಿಯಲ್ಲೂ ಇದೇ ಮಾತು. ಅದರ ಮೇಲಿನ ತೆಳು ಲೇಪ ಒಂದೇ ಸಲಕ್ಕೆ ಮಾಡಿದ್ದು.

ಇನ್ನು ಪೇಸ್ಟ್. ಆ ಜಾಗದಲ್ಲಿ ಒಂದು ಕಡೆ ಉರಿಯುವ ಅನಿಲದ ಒತ್ತಡ, ಪಕ್ಕದಲ್ಲೇ ಎಂಜಿನ್ ತಣಿಸುವ ದ್ರವ (ಕೂಲೆಂಟ್), ಅದರ ಪಕ್ಕ ಆಯಿಲ್. ಸಿಲಿಕೋನ್ ಪೇಸ್ಟ್ ಅಲ್ಲಿ ತಡೆಯುವುದಿಲ್ಲ. ಹೆಚ್ಚಾದ ಪೇಸ್ಟ್ ಒಳಗೆ ಉದುರಿ ಆಯಿಲ್ ದಾರಿಯನ್ನು ಕಟ್ಟಿದರೆ ಎಂಜಿನ್ನೇ ಹೋಗುತ್ತದೆ. ಗ್ಯಾಸ್ಕೆಟಿನ ಬೆಲೆಗಿಂತ ಹೆಡ್ ಎರಡು ಸಲ ಬಿಚ್ಚುವ ಕೂಲಿಯೇ ಜಾಸ್ತಿ. ಇದನ್ನು ಮೆಕ್ಯಾನಿಕ್ ಹತ್ತಿರ ಧೈರ್ಯವಾಗಿ ಹೇಳಿ.

ನನಗೆ ಗ್ಯಾಸ್ಕೆಟ್‌ಗಿಂತ ಜಾಸ್ತಿ ಚಿಂತೆ ಇರುವುದು ಹೆಡ್ ಬಗ್ಗೆ. ಹಾಗೆ ಕಾದ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿರಬಹುದು. ನೇರವಾದ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಲು ಹೇಳಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಅನೇಕ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಂದು 0.05 ಮಿ.ಮೀ. ದಾಟಿದರೆ ಹೆಡ್ಡಿನ ಮುಖ ಸಮ ಮಾಡಿಸಲು ಫೇಸಿಂಗ್‌ಗೆ ಕೊಡಬೇಕು. ಸೊಟ್ಟ ಹೆಡ್‌ಗೆ ಹೊಸ ಗ್ಯಾಸ್ಕೆಟ್ ಹಾಕಿದರೂ ಅದು ಬಾಳುವುದಿಲ್ಲ. ಹಳೆಯ ಅಂಟು ತೆಗೆಯಲು ಗ್ರೈಂಡರಿಗೆ ಎಮರಿ ಸಿಕ್ಕಿಸಿ ಉಜ್ಜಲು ಬಿಡಬೇಡಿ. ಅಲ್ಯುಮಿನಿಯಂ ತಗ್ಗು ಬೀಳುತ್ತದೆ, ಆ ಪುಡಿ ಆಯಿಲ್ ಜೊತೆ ಬೇರಿಂಗ್‌ವರೆಗೂ ಹೋಗುತ್ತದೆ.

ಜೋಡಿಸುವ ದಿನ ಸಾಧ್ಯವಾದರೆ ಹತ್ತಿರ ನಿಂತು ನೋಡಿ. ಬೋಲ್ಟ್ ಎಂದರೆ ಎಳೆದು ಕಟ್ಟಿದ ಸ್ಪ್ರಿಂಗ್ ಇದ್ದ ಹಾಗೆ. ಬಿಗಿದಾಗ ಅದು ಒಂಚೂರು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ನೋಡುತ್ತದೆ, ಆ ಎಳೆತವೇ ಹೆಡ್ಡನ್ನು ಹಿಡಿದಿಡುವುದು. ನಾವು ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಸುಮಾರು ಅರ್ಧದಷ್ಟು ಬೋಲ್ಟಿನ ತಲೆ ಉಜ್ಜುವುದರಲ್ಲಿ ಹೋಗುತ್ತದೆ, 40ರಷ್ಟು ಪಾಲು ಥ್ರೆಡ್ಡಿನ ಘರ್ಷಣೆಗೆ. ಹಿಗ್ಗಿಸಲು ಉಳಿಯುವುದು ನೂರರಲ್ಲಿ ಬರೀ 10 ಪಾಲು. ಹಾಗಾಗಿ ಥ್ರೆಡ್ಡಿನಲ್ಲಿ ತುಕ್ಕು ಇದ್ದರೆ ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್) ‘ಟಿಕ್’ ಎಂದರೂ ಹೆಡ್ ಸಡಿಲವೇ ಇರುತ್ತದೆ. ಮ್ಯಾನ್ಯುಯಲ್ ಹೇಳದ ಕಡೆ ಎಣ್ಣೆ ಬಳಿದರೆ ಅದೇ ಅಳತೆಗೆ ಬೋಲ್ಟ್ ಅತಿಯಾಗಿ ಹಿಗ್ಗುತ್ತದೆ. ಇನ್ನೊಂದು, ಬೋಲ್ಟ್ ತೂತಿನ ತಳದಲ್ಲಿ ಕೂಲೆಂಟ್ ನಿಂತಿದ್ದರೆ ಮೊದಲು ಗಾಳಿ ಹೊಡೆದು ತೆಗೆಯಲೇಬೇಕು. ನೀರು ಕುಗ್ಗುವುದಿಲ್ಲ. ಅದರ ಮೇಲೆ ಬೋಲ್ಟ್ ಬಿಗಿದರೆ ಬ್ಲಾಕೇ ಸೀಳಬಹುದು.

ಬಿಗಿಯುವುದು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ. ಬಿಚ್ಚುವುದು ಹೊರಗಿನಿಂದ ನಡುವಿಗೆ, ಅದೂ ಎಂಜಿನ್ ಪೂರ್ತಿ ತಣಿದ ಮೇಲೆ. ಕೆಲವು ಎಂಜಿನ್‌ಗಳಲ್ಲಿ ಒಂದು ಅಳತೆಗೆ ಬಿಗಿದ ಮೇಲೆ ‘ಇನ್ನೂ 90 ಡಿಗ್ರಿ ತಿರುಗಿಸಿ’ ಎಂದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಂಥ ಬೋಲ್ಟ್‌ಗಳು ಎಷ್ಟೋ ಸಲ ಕಾಯಂ ಆಗಿ ಹಿಗ್ಗಿಬಿಟ್ಟಿರುತ್ತವೆ. ಮ್ಯಾನ್ಯುಯಲ್ ಬದಲಿಸಿ ಎಂದರೆ ಬದಲಿಸಿ, ಉದ್ದ ಅಳೆಯಿರಿ ಎಂದರೆ ಅಳೆಯಿರಿ.

ಅಂದಹಾಗೆ, ಎಂಜಿನ್ ಬಿಸಿಯಾದದ್ದು ಯಾಕೆ ಎಂದು ಯಾರಾದರೂ ನೋಡಿದ್ದಾರಾ? ಫ್ಯಾನ್, ಥರ್ಮೋಸ್ಟಾಟ್, ರೇಡಿಯೇಟರ್, ವಾಟರ್ ಪಂಪ್ ನೋಡದೆ ಹೆಡ್ ಮುಚ್ಚಿಸಬೇಡಿ.

ಪ್ರಶ್ನೆ: ಎಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಬದಿಯಿಂದ ಆಯಿಲ್ ಜಿನುಗುತ್ತದೆ. ಪ್ರತಿ ಸರ್ವಿಸ್‌ನಲ್ಲೂ ಟೈಟ್ ಮಾಡುತ್ತಾರೆ. ಒಂದು ತಿಂಗಳಲ್ಲಿ ಮತ್ತೆ ಅದೇ.
– ಓದುಗರು, ಉಪ್ಪಳ

ಉತ್ತರ: ಇನ್ನು ಟೈಟ್ ಮಾಡಿಸಬೇಡಿ. ಕವರ್ ಬಾಗುತ್ತದೆ, ಸೋರಿಕೆ ಜಾಸ್ತಿಯಾಗುತ್ತದೆ. ಅಲ್ಲಿರುವುದು ರಬ್ಬರ್ ಗ್ಯಾಸ್ಕೆಟ್. ಉಗುರಿನಿಂದ ಒತ್ತಿದಾಗ ಮೆತ್ತಗೆ ಒಳಗೆ ಹೋಗಿ ವಾಪಸು ಬಂದರೆ ಒರೆಸಿ ಮತ್ತೆ ಹಾಕಬಹುದು. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿದ್ದರೆ, ಮಡಚಿದಾಗ ಬಿರುಕು ಕಂಡರೆ ಹೊಸದು ತನ್ನಿ.

ಅಲ್ಲಿನ 6 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ ಬೇಕಾಗುವುದು 10 ನ್ಯೂಟನ್ ಮೀಟರ್ ಆಸುಪಾಸು. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಒಂದು ಲೀಟರ್ ನೀರಿನ ಬಾಟಲಿ ನೇತುಹಾಕಿದರೆ ಎಷ್ಟೋ, ಅಷ್ಟೇ. ನಾನು ಕೆಲಸ ಕಲಿಯುತ್ತಿದ್ದಾಗ ಉದ್ದ ಹಿಡಿಯ ರ‍್ಯಾಚೆಟ್‌ನಲ್ಲಿ ಇಂಥದೇ ಬೋಲ್ಟ್ ಬಿಗಿದೆ. ಕೈಗೆ ಒಮ್ಮೆ ಗಟ್ಟಿಯಾಗಿ ಹತ್ತಿದ್ದು, ಮರುಕ್ಷಣ ಬೆಣ್ಣೆಯಲ್ಲಿ ತಿರುಗಿದ ಹಾಗೆ ಮೆತ್ತಗಾಯಿತು. ತಲೆ ತುಂಡಾಗಿ ಸಾಕೆಟ್ಟಿನೊಳಗೆ ಉಳಿದಿತ್ತು. ಒಳಗಿನ ತುಂಡು ತೆಗೆಯಲು ಇಡೀ ಮಧ್ಯಾಹ್ನ ಹಿಡಿಯಿತು. ಆಮೇಲಿಂದ ಇಂಥ ಬೋಲ್ಟ್‌ಗೆ ಉದ್ದ ಹಿಡಿ ಹಾಕಿಲ್ಲ.

ಪ್ರಶ್ನೆ: ಆಯಿಲ್ ನಾನೇ ಬದಲಿಸುತ್ತೇನೆ. ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದೇ ಬೇಕಾ?
– ಓದುಗರು, ಮಂಜೇಶ್ವರ

ಉತ್ತರ: ಅಲ್ಯುಮಿನಿಯಂ ವಾಷರ್ ಆದರೆ ಹೌದು, ಹೊಸದೇ ಹಾಕಿ. ತಾಮ್ರದ್ದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ. ಮೇಲೆ ಗೀರು ಇಲ್ಲದಿದ್ದರೆ ಬಳಸಬಹುದು. ಸಣ್ಣ ಕಾರುಗಳ ಡ್ರೈನ್ ಬೋಲ್ಟ್ ಹೆಚ್ಚಾಗಿ 25ರಿಂದ 40 ನ್ಯೂಟನ್ ಮೀಟರ್ ಒಳಗೇ ಇರುತ್ತದೆ, ನಿಮ್ಮ ಗಾಡಿಯದನ್ನು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ. ಟಾರ್ಕ್ ರೆಂಚ್ ಒಂದು ‘ಟಿಕ್’ ಕೊಟ್ಟ ತಕ್ಷಣ ನಿಲ್ಲಿಸಿ, ಸಮಾಧಾನಕ್ಕೆಂದು ಇನ್ನೊಂದು ಸಲ ಎಳೆಯಬೇಡಿ. ಅದರಲ್ಲಿ ಬೋಲ್ಟ್ ಬಿಚ್ಚಲೂ ಹೋಗಬೇಡಿ. ಕೆಲಸ ಮುಗಿದ ಮೇಲೆ ಸ್ಕೇಲನ್ನು ಕೆಳಗಿನ ಗುರುತಿಗೆ ಇಳಿಸಿ ಪೆಟ್ಟಿಗೆಯಲ್ಲಿಡಿ.