ಪಾರಿವಾಳಗಳು ಒಮ್ಮೆಲೇ ಎದ್ದರೆ ಮೇಲೆ ನೋಡಿ

ಹೋದ ಸಂಚಿಕೆಯಲ್ಲಿ ಪುಣೆ ಜಿಲ್ಲೆಯ ಭಿಗವಣದ ಹಿನ್ನೀರಿನಲ್ಲಿ ಕಂಡ ಡೇಗೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಮುಂಬಯಿ, ಪುಣೆ, ಗೋವಾ ಮೂರೂ ಕಡೆಯಿಂದ ಪತ್ರ ಬಂದಿವೆ. ಡೇಗೆ ಎಂದರೆ ಫಾಲ್ಕನ್. ಇಲ್ಲಿನ ಮರಾಠಿ ಜನ ಸಸಾಣಾ ಎನ್ನುತ್ತಾರೆ. ನಮ್ಮ ಧಾರವಾಡದ ಕಡೆ ಕೊಕ್ಕು ಬಾಗಿದ ಹಕ್ಕಿಯನ್ನೆಲ್ಲ ಗಿಡುಗ ಎಂದುಬಿಡುತ್ತೇವೆ. ಈ ಸಲ ಪೂರ್ತಿ ಪುಟ ಡೇಗೆಗೇ ಇರಲಿ.

*ಪ್ರಶ್ನೆ: ನಮ್ಮದು 21ನೇ ಮಹಡಿ. ಡಿಸೆಂಬರಿನಿಂದ ಎದುರು ಟವರಿನ ಸಜ್ಜಾದ ಮೇಲೆ ಒಂದು ದೊಡ್ಡ ಹಕ್ಕಿ ಬಂದು ಕೂರುತ್ತಿದೆ. ಪಾರಿವಾಳ ಹಿಡಿದು ತಿನ್ನುತ್ತದೆ. ಪುಕ್ಕ ನಮ್ಮ ಬಾಲ್ಕನಿಗೂ ಹಾರಿ ಬರುತ್ತದೆ. ಸೊಸೈಟಿಯವರು ಪಟಾಕಿ ಹಚ್ಚಿ ಓಡಿಸೋಣ ಎನ್ನುತ್ತಾರೆ. ಇದು ಹದ್ದೇ? ಮೊಬೈಲಿನಲ್ಲಿ ಫೋಟೋ ತೆಗೆಯಬಹುದೇ? – ಗೃಹಿಣಿ, ಮುಲುಂಡ್*

ಪಟಾಕಿ ಬೇಡವೇ ಬೇಡ ಅಕ್ಕಾ. ಮೊದಲು ಅದು ಯಾರೆಂದು ನೋಡೋಣ.

ಮುಂಬಯಿ ಆಕಾಶದಲ್ಲಿ ದಿನಾ ಸುತ್ತುವ ಹದ್ದಿನ ಬಾಲ ನಡುವೆ ಕವಲೊಡೆದಿರುತ್ತದೆ. ರೆಕ್ಕೆಯ ತುದಿ ಬೆರಳು ಬಿಡಿಸಿದ ಹಾಗೆ ಕಾಣುತ್ತದೆ. ನಿಮ್ಮ ಅತಿಥಿ ಹಾರುವಾಗ ರೆಕ್ಕೆ ಕುಡುಗೋಲಿನಂತೆ ಚೂಪಾಗಿದೆಯೇ? ಕಣ್ಣು ಕಪ್ಪಗಿದೆಯೇ? ಕಣ್ಣಿನ ಕೆಳಗೆ ಮೀಸೆ ಇಳಿಬಿಟ್ಟಂತೆ ಕಪ್ಪು ಪಟ್ಟೆ ಇದೆಯೇ? ಇದ್ದರೆ ಅದು ಪೆರೆಗ್ರಿನ್ ಡೇಗೆ. ಮರಾಠಿಯಲ್ಲಿ ಬಹಿರಿ ಸಸಾಣಾ. ಎದೆ ಬಿಳಿಯಾಗಿ, ಬೆನ್ನು ಬೂದು ಬಣ್ಣದಲ್ಲಿದ್ದರೆ ಅದು ಉತ್ತರ ಧ್ರುವದ ಹತ್ತಿರದ ಬಯಲಿನಿಂದ ಚಳಿಗಾಲ ಕಳೆಯಲು ಬಂದದ್ದು. ತಲೆ ಪೂರ್ತಿ ಕಪ್ಪಾಗಿ, ಹೊಟ್ಟೆ ಇಟ್ಟಿಗೆ ಬಣ್ಣವಿದ್ದರೆ ಅದು ಶಾಹೀನ್. ಪೆರೆಗ್ರಿನ್‌ನದೇ ಒಂದು ಕವಲು, ನಮ್ಮ ಸಹ್ಯಾದ್ರಿಯ ಕಡಿದಾದ ಬಂಡೆಗಳಲ್ಲಿ ವರ್ಷವಿಡೀ ಇರುವ ಹಕ್ಕಿ. ದೂರದಿಂದ ಬಂದದ್ದಾದರೆ ಬೇಸಿಗೆಯ ಹೊತ್ತಿಗೆ ತಾನೇ ಹೊರಡುತ್ತದೆ. ಇನ್ನು ಕೆಲವು ತಿಂಗಳ ಮಾತು.

ಡೇಗೆಯ ಕಣ್ಣಿಗೆ ನಿಮ್ಮ ಟವರು ಒಂದು ಎತ್ತರದ ಬಂಡೆ. ಸಜ್ಜಾ ಎಂದರೆ ಬಂಡೆಯ ಅಂಚು. ಕೆಳಗೆ ಬೇಕಾದಷ್ಟು ಪಾರಿವಾಳ. ಮತ್ತೇನು ಬೇಕು ಅದಕ್ಕೆ? ಮೇಲಿನಿಂದ ರೆಕ್ಕೆ ಮಡಚಿ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಬೇರೆ ಯಾವ ಪ್ರಾಣಿಗೂ ಆ ವೇಗವಿಲ್ಲ. ಜನ ಅದನ್ನು ನೋಡಲು ಊರೂರು ಅಲೆಯುತ್ತಾರೆ. ನಿಮಗೆ ಅಡುಗೆಮನೆ ಕಿಟಕಿಯಲ್ಲೇ ಕಾಣುತ್ತಿದೆ.

ಸೊಸೈಟಿಯ ಸಭೆಯಲ್ಲಿ ಎರಡು ವಿಷಯ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹಕ್ಕಿಗೆ ರಕ್ಷಣೆ ಇದೆ. ಎರಡನೆಯದು ಇನ್ನೂ ಮುಖ್ಯ. ಪಾರಿವಾಳದ ಕಾಟ ಎಂದು ಯಾರಾದರೂ ಕಾಳಿಗೆ ವಿಷ ಬೆರೆಸಿದರೆ, ಆ ಪಾರಿವಾಳ ತಿಂದ ಡೇಗೆಗೂ ಅಪಾಯ. ಡಿಡಿಟಿ ಎಂಬ ಕೀಟನಾಶಕದ ಕಾಲದಲ್ಲಿ ಆದದ್ದು ಇಂಥದ್ದೇ. ಹೊಲಕ್ಕೆ ಹೊಡೆದ ಡಿಡಿಟಿ ಹುಳದಿಂದ ಸಣ್ಣ ಹಕ್ಕಿಗೆ, ಅದರಿಂದ ಡೇಗೆಗೆ ಸೇರಿತು. ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಒಡೆದುಹೋಗುತ್ತಿತ್ತು. ಅಮೆರಿಕದ ಪೂರ್ವ ಭಾಗದಲ್ಲಿ ಪೆರೆಗ್ರಿನ್ ಪೂರ್ತಿ ಮಾಯವಾಯಿತು. 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧಿಸಿ, ಮರಿಗಳನ್ನು ಸಾಕಿ ಬಿಟ್ಟ ಮೇಲೆ ಮರಳಿ ಬಂತು.

ಇನ್ನು ಫೋಟೋ. ಮೊಬೈಲಿನಿಂದ ಖಂಡಿತ ಆಗುತ್ತದೆ, ಆದರೆ ಜೊತೆಗೆ ಒಂದು ಬೈನಾಕ್ಯುಲರ್ ಬೇಕು. ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಪುಸ್ತಕದ ಅಟ್ಟಿಗೆ ಆನಿಸಿ ಅಲ್ಲಾಡದಂತೆ ಇಡಿ. ಅದರ ಒಂದು ಕಣ್ಣಿಗೆ ಮೊಬೈಲಿನ ಲೆನ್ಸ್ ತಾಗಿಸಿ ತೆಗೆಯಿರಿ. ಕೋಣೆಯ ದೀಪ ಆರಿಸಿ, ಇಲ್ಲವಾದರೆ ಗಾಜಿನಲ್ಲಿ ನಿಮ್ಮ ಮುಖವೇ ಬರುತ್ತದೆ. ಪರದೆಯ ಮರೆಯಲ್ಲಿ ನಿಲ್ಲಿ. ಬಾಲ್ಕನಿಗೆ ಹೋಗಿ ಕೈ ಚಾಚಬೇಡಿ.

ಅದಕ್ಕಿಂತ ಮೊದಲು ಒಂದು ವಾರ ಸುಮ್ನೆ ನೋಡಿ. ಎಷ್ಟು ಗಂಟೆಗೆ ಬರುತ್ತದೆ, ಯಾವ ಮೂಲೆಯಲ್ಲಿ ಕೂರುತ್ತದೆ, ಬಿಸಿಲು ಯಾವಾಗ ಅದರ ಮುಖಕ್ಕೆ ಬೀಳುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ನಾನು ಡೇಗೆಯನ್ನು ಕಲಿತದ್ದು ಹಾಗೆಯೇ. 1994ರಲ್ಲಿ ಪಿಂಪ್ರಿಯ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಶೆಡ್ಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಮನುಷ್ಯ ಬಂದರೆ ನಾಲ್ಕು ಏಳುತ್ತವೆ, ಮತ್ತೆ ಕೂರುತ್ತವೆ. ಇದು ಹಾಗಿರಲಿಲ್ಲ. ನೂರಾರು ಹಕ್ಕಿ ಒಂದೇ ಉಂಡೆಯಾಗಿ ತಿರುಗಿದವು. ನೀರಿನ ಟ್ಯಾಂಕಿನ ಮೇಲೆ ನೋಡಿದರೆ ಅದು ಕೂತಿತ್ತು. ಆ ಚಳಿಗಾಲ ಪೂರ್ತಿ ಹತ್ತು ನಿಮಿಷ ಮೊದಲೇ ಗೇಟಿಗೆ ಹೋದೆ. ಕ್ಯಾಮೆರಾ ಇರಲಿಲ್ಲ. ಇವತ್ತಿಗೂ ಆ ಹಕ್ಕಿ ನನಗೆ ಬೇರೆಲ್ಲದಕ್ಕಿಂತ ಚೆನ್ನಾಗಿ ನೆನಪಿದೆ.

ಭಿಗವಣದಲ್ಲೂ ಇದೇ ಪಾಠ. ಅಲ್ಲಿನ ನಾವಿಕ ಡೇಗೆಯನ್ನು ಹುಡುಕುವುದಿಲ್ಲ. ನೀರಿನ ಮೇಲಿನ ಬಾತುಗಳನ್ನೂ ನಾಮದ ಕೋಳಿಗಳನ್ನೂ ನೋಡುತ್ತಿರುತ್ತಾನೆ. ಅವು ಒಟ್ಟಿಗೆ ಎದ್ದ ಕೂಡಲೇ ಹುಟ್ಟು ನಿಲ್ಲಿಸಿ "ಬಹಿರಿ ಆಲಾ" (ಬಹಿರಿ ಬಂತು) ಎನ್ನುತ್ತಾನೆ. ಡೇಗೆಯನ್ನು ನಮಗಿಂತ ಮೊದಲು ನೋಡುವುದು ಅದರ ಬೇಟೆ. ಆದ್ದರಿಂದ ಬೇಟೆಯ ಮೇಲೆ ಕಣ್ಣಿಡಿ.

*ಪ್ರಶ್ನೆ: ಲೋಣಾವಳಾಕ್ಕೆ ಅಮೂರ್ ಡೇಗೆ ಬರುತ್ತವೆ ಎಂದು ಆಫೀಸಿನಲ್ಲಿ ಹೇಳುತ್ತಾರೆ. ಯಾವಾಗ ಹೋಗಬೇಕು? ಅವು ಎಲ್ಲಿಂದ ಬರುತ್ತವೆ? – ಚಿಂಚವಡದ ಓದುಗರು*

ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಹೋಗಿ ನೋಡಿ. ಇವು ಇಲ್ಲಿ ವಾಸಕ್ಕೆ ಬಂದವಲ್ಲ, ದಾರಿಯಲ್ಲಿ ತಂಗಿದವು. ಕೆಲವು ದಿನ ಹುಲ್ಲುಗಾವಲಿನ ಮೇಲೆ ಹುಳ ಹಿಡಿದು ತಿಂದು ಹೊರಟುಬಿಡುತ್ತವೆ.

ಅವುಗಳ ದಾರಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಾರಿವಾಳಕ್ಕಿಂತ ಚಿಕ್ಕ ಹಕ್ಕಿ. ಮರಿ ಮಾಡುವುದು ರಷ್ಯಾದ ಪೂರ್ವ ತುದಿ ಮತ್ತು ಉತ್ತರ ಚೀನಾದ ಅಮೂರ್ ನದಿಯ ಕಡೆ. ಚಳಿಗಾಲ ಕಳೆಯುವುದು ಆಫ್ರಿಕಾದ ದಕ್ಷಿಣ ಭಾಗದಲ್ಲಿ. ಅಕ್ಟೋಬರ್–ನವೆಂಬರಿನಲ್ಲಿ ನಾಗಾಲ್ಯಾಂಡ್, ಮಣಿಪುರದಲ್ಲಿ ಲಕ್ಷಗಟ್ಟಲೆ ಸೇರುತ್ತವೆ. ಅಲ್ಲಿಂದ ನಮ್ಮ ದೇಶವನ್ನು ಅಡ್ಡ ದಾಟಿ ಅರಬ್ಬಿ ಸಮುದ್ರದ ಮೇಲೆ ಹಗಲು ರಾತ್ರಿ ಹಾರುತ್ತವೆ. ಸಮುದ್ರದ ನಡುವೆ ಕೂರಲು ಜಾಗವೆಲ್ಲಿದೆ? ಹಾಗಾಗಿ ಇಲ್ಲಿ ತಿಂದ ಪ್ರತಿ ಮಿಡತೆಯೂ ಅವಕ್ಕೆ ದಾರಿಯ ಬುತ್ತಿ.

2012ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ ಇವುಗಳನ್ನು ಬಲೆ ಹಾಕಿ ರಾಶಿಗಟ್ಟಲೆ ಕೊಲ್ಲುವುದು ಹೊರಗೆ ತಿಳಿಯಿತು. ಮುಂದಿನ ವರ್ಷವೇ ಅಲ್ಲಿನ ಹಳ್ಳಿಯವರು ಬೇಟೆ ನಿಲ್ಲಿಸಿದರು. 2013ರಲ್ಲಿ ಕೆಲವು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಣ್ಣ ಯಂತ್ರ ಕಟ್ಟಿ ಬಿಟ್ಟರು. ಆ ಹಳ್ಳಿಯವರ ಬಗ್ಗೆ ನನಗೆ ಬಹಳ ಗೌರವವಿದೆ. ಅವರು ಸುಲಭದ ಆದಾಯ ಬಿಟ್ಟಿದ್ದರಿಂದಲೇ ಈ ಹಕ್ಕಿಗಳು ನಮ್ಮವರೆಗೆ ಬರುತ್ತಿವೆ.

ಲೋಣಾವಳಾದಲ್ಲಿ ನಾನು ಕಂಡ ಒಂದು ದೃಶ್ಯ ಮರೆಯಲಾಗುವುದಿಲ್ಲ. ತಂತಿಯ ಮೇಲೆ ಹನ್ನೊಂದು ಹಕ್ಕಿ ಕೂತಿದ್ದವು. ಹಾರುವ ಫೋಟೋ ಬೇಕೆಂದು ಒಬ್ಬರು ಕಲ್ಲು ಎಸೆದರು. ಎಲ್ಲವೂ ಎದ್ದು ಹೋದವು. ಆ ಸಂಜೆ ಅಲ್ಲಿ ಒಂದೂ ಮರಳಿ ಕೂರಲಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಕಾರನ್ನು ಹುಲ್ಲಿನ ಮೇಲೆ ಇಳಿಸದೆ ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಒಳಗೇ ಕೂತಿರಿ. ಕಾರಿಗೆ ಹಕ್ಕಿ ಅಷ್ಟು ಹೆದರುವುದಿಲ್ಲ, ಎರಡು ಕಾಲಿನ ಮನುಷ್ಯನಿಗೆ ಹೆದರುತ್ತದೆ. ಗಂಡು ಕಡು ಬೂದು, ತೊಡೆ ಕೆಂಪು. ಹಾರುವಾಗ ರೆಕ್ಕೆಯ ಕೆಳಗೆ ಬಿಳಿ ಹೊಳೆಯುತ್ತದೆ. ಹೆಣ್ಣಿನ ಎದೆ ಬಿಳಿ, ಅದರ ಮೇಲೆ ಕಪ್ಪು ಗೆರೆಗಳು. ಇಬ್ಬರ ಕಾಲೂ ಕಿತ್ತಳೆ ಬಣ್ಣ.

*ಪ್ರಶ್ನೆ: ಹಾರುವ ಡೇಗೆಯ ಫೋಟೋ ಯಾವಾಗಲೂ ಮಸುಕಾಗುತ್ತದೆ. ಹೊಸ ಲೆನ್ಸ್ ಕೊಳ್ಳಲೇ? – ವಿದ್ಯಾರ್ಥಿ, ಡೊಂಬಿವಲಿ*

ಈಗಲೇ ಬೇಡ. ಶಟರ್ ಸೆಕೆಂಡಿನ 2000ನೇ ಒಂದು ಭಾಗಕ್ಕೆ ಇಡು. ಫೋಕಸ್ ನಿರಂತರ ಹಿಂಬಾಲಿಸುವ ಕ್ರಮದಲ್ಲಿರಲಿ. ಆಕಾಶದ ಬೆಳಕಿಗೆ ಹಕ್ಕಿ ಕಪ್ಪಾಗುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚಿಸು. ನಿಮ್ಮ ಊರಿನ ಹದ್ದುಗಳ ಮೇಲೆ ಒಂದು ತಿಂಗಳು ಕೈ ಪಳಗಿಸು. ಆಮೇಲೂ ದೂರ ಅನಿಸಿದರೆ 400 ಎಂಎಂ ಲೆನ್ಸ್ ಬಾಡಿಗೆಗೆ ತಂದು ನೋಡು.

*ಪ್ರಶ್ನೆ: ಸಹ್ಯಾದ್ರಿಯ ಒಂದು ಕೋಟೆಯ ಬಂಡೆಯಲ್ಲಿ ಶಾಹೀನ್ ಗೂಡು ಇರುವ ಜಾಗ ಗೆಳೆಯನಿಗೆ ಗೊತ್ತು. ಅವನ ಹತ್ತಿರ ಡ್ರೋನ್ ಇದೆ. ನಾವು ನಾಲ್ವರು ಹೋಗಬೇಕೆಂದಿದ್ದೇವೆ. – ಫೋಂಡಾ, ಗೋವಾ*

ಹೋಗಬೇಡಿ. ಬೇಸರವಾದರೂ ಪರವಾಗಿಲ್ಲ, ಇದನ್ನು ನೇರವಾಗಿಯೇ ಹೇಳಬೇಕು. ಡೇಗೆ ಕಡ್ಡಿ ಕೂಡಿಸಿ ಗೂಡು ಕಟ್ಟುವುದಿಲ್ಲ. ಬಂಡೆಯ ಅಂಚಿನ ಮಣ್ಣನ್ನು ಕೆರೆದು, ಬರೀ ನೆಲದ ಮೇಲೆ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಸುಮಾರು ಒಂದು ತಿಂಗಳು ಕಾವು ಕೊಡಬೇಕು. ಡ್ರೋನ್ ಸದ್ದಿಗೆ ತಾಯಿ ಎದ್ದರೆ ಮೊಟ್ಟೆಗೆ ಬಿಸಿಲು ಬಡಿಯುತ್ತದೆ, ಕಾಗೆ ಕಾದಿರುತ್ತದೆ. ಡ್ರೋನ್ ಮೇಲೆ ಡೇಗೆಯೇ ಎರಗಿದರೆ ಅದರ ರೆಕ್ಕೆ ತುಂಡಾಗುತ್ತದೆ. ಫೋಟೋ ಜೊತೆ ಜಾಗದ ಹೆಸರು ಹೊರಬಿದ್ದರೆ ಮುಂದಿನ ವಾರ ನಲವತ್ತು ಜನ ಬರುತ್ತಾರೆ. ಗೆಳೆಯನಿಗೆ ಜಾಗ ಗೊತ್ತಿದೆ ಅಲ್ವಾ, ಅದು ಅವನಲ್ಲೇ ಉಳಿಯಲಿ. ಮರಿಗಳು ಹಾರಿದ ಮೇಲೆ ಕೋಟೆಯ ಬುಡದಿಂದ ಬೈನಾಕ್ಯುಲರಿನಲ್ಲಿ ನೋಡಿ. ಅಪ್ಪ ಅಮ್ಮ ಗಾಳಿಯಲ್ಲೇ ಬೇಟೆ ಕೈಬಿಟ್ಟು, ಮರಿಗಳಿಗೆ ಹಿಡಿಯಲು ಕಲಿಸುವುದು ಆಗಲೇ.

*ಪ್ರಶ್ನೆ: ವೇತಾಳ ಟೇಕಡಿ ಗುಡ್ಡದ ಮೇಲೆ ಒಂದು ಹಕ್ಕಿ ಗಾಳಿಯಲ್ಲಿ ನಿಂತೇ ಇತ್ತು! ಬೆನ್ನು ಇಟ್ಟಿಗೆ ಬಣ್ಣ. ಅಪ್ಪ ಹದ್ದು ಅಂದರು. ಹದ್ದು ಮತ್ತು ಡೇಗೆ ಅಣ್ಣತಮ್ಮಂದಿರಾ? – 6ನೇ ತರಗತಿ, ಕೋಥ್ರೂಡ್*

ಪುಟ್ಟೀ, ನೀನು ಬೆನ್ನಿನ ಬಣ್ಣ ಬರೆದದ್ದು ಬಹಳ ಒಳ್ಳೆಯದಾಯಿತು. ಗಾಳಿಯಲ್ಲಿ ನಿಲ್ಲುವವರು ಅಲ್ಲಿ ಇಬ್ಬರಿದ್ದಾರೆ. ಬೆಳ್ಳಗಿದ್ದು, ಹೆಗಲ ಮೇಲೆ ಕಪ್ಪು ಮಚ್ಚೆ, ಕೆಂಪು ಕಣ್ಣು ಇದ್ದರೆ ಅದು ಕಪ್ಪು ಹೆಗಲಿನ ಹದ್ದು. ಇಟ್ಟಿಗೆ ಬಣ್ಣದ್ದು ಕೆಸ್ಟ್ರೆಲ್ ಎಂಬ ಚಿಕ್ಕ ಡೇಗೆ. ಚಳಿಗಾಲಕ್ಕೆ ಬರುತ್ತದೆ. ಗಾಳಿಗೆ ಎದುರಾಗಿ ನಿಂತು, ಕೆಳಗೆ ಇಲಿಯೋ ಮಿಡತೆಯೋ ಓಡುವುದನ್ನು ನೋಡುತ್ತದೆ. ರೆಕ್ಕೆ ಬಾಲ ಎಲ್ಲ ಅಲ್ಲಾಡುತ್ತವೆ, ತಲೆ ಮಾತ್ರ ಮೊಳೆ ಹೊಡೆದ ಹಾಗೆ ಒಂದೇ ಕಡೆ ಇರುತ್ತದೆ.

ಅಣ್ಣತಮ್ಮಂದಿರ ವಿಷಯ ಕೇಳಿದೆಯಲ್ಲ. ಡಿಎನ್‌ಎ ನೋಡಿದ ವಿಜ್ಞಾನಿಗಳ ಪ್ರಕಾರ ಡೇಗೆಗೆ ಹದ್ದಿಗಿಂತ ಗಿಳಿಯೇ ಹತ್ತಿರದ ನೆಂಟ. ನಿಮ್ಮ ಬಾಲ್ಕನಿಗೆ ಬರುವ ಗಿಳಿಯೇ! ಅಪ್ಪನಿಗೂ ಹೇಳು.

ಮುಂದಿನ ಭಾನುವಾರ ಟೇಕಡಿಗೆ ಹೋದರೆ ತಲೆಯ ಬಣ್ಣ ನೋಡು. ಬೂದು ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣೋ ಮರಿಯೋ ಇರಬೇಕು. ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಒಂದು, ಎರಡು, ಮೂರು ಎಣಿಸಿ ನನಗೆ ಬರಿ.