ಟಿಟಿ ಹಾಕಿಸಿಕೊಂಡೆ, ಕೈ ಮೇಲೇಳುತ್ತಿಲ್ಲ. ಪರಿಹಾರ ಸಿಗುತ್ತಾ?

ಮುಳಬಾಗಿಲು ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಟೊಮೆಟೊ ತೋಟದಲ್ಲಿ ಕಾಲಿಗೆ ತಂತಿ ಕುಯ್ದು, ಖಾಸಗಿ ಕ್ಲಿನಿಕ್ಕಿನಲ್ಲಿ ಟಿಟಿ ಹಾಕಿಸಿಕೊಂಡರಂತೆ. ಅವತ್ತು ರಾತ್ರಿಯಿಂದಲೇ ಭುಜ ನೋವು. ಏಳು ತಿಂಗಳಾದರೂ ಜಡೆ ಹಾಕಿಕೊಳ್ಳಲು ಕೈ ಮೇಲೇಳುತ್ತಿಲ್ಲ. ‘ಅಮೆರಿಕದಲ್ಲಿ ಇದಕ್ಕೆ ಸರ್ಕಾರವೇ ದುಡ್ಡು ಕೊಡುತ್ತೆ ಅಂತ ಅಕ್ಕನ ಮಗ ಹೇಳಿದ. ನಮಗೂ ಸಿಗುತ್ತಾ?’ ಅಂತ ಕೇಳಿದ್ದಾರೆ.

ಅಮ್ಮಾ, ‘ಸೂಜಿ ಅಂದ್ರೆ ನೋವು ಇದ್ದಿದ್ದೇ, ಸುಮ್ನೆ ಇರಿ’ ಅಂದವರ ಮಾತು ಬಿಡಿ. ಆ ನೋವು ಎರಡು ಮೂರು ದಿನಕ್ಕೆ ಇಳಿಯುತ್ತದೆ. ಸೂಜಿ ಭುಜದ ಮೂಳೆ ತುದಿಯಿಂದ ಎರಡು ಮೂರು ಬೆರಳು ಕೆಳಗೆ, ದಪ್ಪ ಮಾಂಸಖಂಡಕ್ಕೆ ಬೀಳಬೇಕು. ತೀರಾ ಮೇಲೆ ಚುಚ್ಚಿದರೆ ಔಷಧಿ ಕೀಲಿನ ಹತ್ತಿರದ ಪೊರೆಚೀಲಕ್ಕೆ ಹೋಗಿ, ಅಲ್ಲಿ ಉರಿಯೂತ ಎದ್ದು, ಕೈ ಬಿಗಿದುಕೊಂಡು ತಿಂಗಳುಗಟ್ಟಲೆ ಕಾಡಬಹುದು. ಇದಕ್ಕೆ ‘ಸಿರ್ವಾ’ ಅನ್ನುತ್ತಾರೆ. ತಪ್ಪು ಲಸಿಕೆಯದಲ್ಲ, ಚುಚ್ಚಿದ ಜಾಗದ್ದು. ಹಾಗಾಗಿ ಮುಂದೆ ಗಾಯವಾದರೆ ಟಿಟಿ ಬೇಡ ಅನ್ನಬೇಡಿ.

ಅಕ್ಕನ ಮಗ ಹೇಳಿದ್ದು ನಿಜ. ಲಸಿಕೆಯಿಂದ ತೊಂದರೆಯಾದವರಿಗೆ ಪರಿಹಾರ ಕೊಡಲು ಅಮೆರಿಕದಲ್ಲಿ 1986ರಲ್ಲೇ ಕಾನೂನು ಬಂತು, 2017ರಲ್ಲಿ ಭುಜದ ಈ ತೊಂದರೆಯೂ ಪರಿಹಾರದ ಪಟ್ಟಿಗೆ ಸೇರಿತು. 48 ಗಂಟೆಯೊಳಗೆ ನೋವು ಶುರುವಾಗಿ ಆರು ತಿಂಗಳು ದಾಟಿದ್ದರೆ ಅರ್ಜಿ ಹಾಕಬಹುದು. ಯಾರ ತಪ್ಪು ಅಂತ ತೋರಿಸಬೇಕಾಗಿಲ್ಲ. ಲಸಿಕೆಯ ಡೋಸುಗಳ ಮೇಲೆ ಹಾಕಿದ ತೆರಿಗೆಯಿಂದಲೇ ಆ ದುಡ್ಡು ಬರುತ್ತದೆ. ನಮ್ಮಲ್ಲಿ ಟಿಟಿಗೆ ಅಂಥ ನಿಧಿ ಇಲ್ಲ. ಇರಬೇಕಿತ್ತು. ಕೂಲಿ ಕಳೆದುಕೊಂಡು ನೋವು ತಿನ್ನುವವರ ಮೇಲೆಯೇ ಸಾಕ್ಷಿ ಹುಡುಕುವ ಭಾರವನ್ನೂ ಹೊರಿಸುವುದು ಅನ್ಯಾಯ ಅಲ್ವಾ?

ನಿಮಗಿರುವ ದಾರಿ ಕೋಲಾರದ ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಸೂಜಿ ಹಾಕಿಸಿಕೊಂಡಿದ್ದೀರಿ, ಹಾಗಾಗಿ ನೀವು ಗ್ರಾಹಕರು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾಗಿದ್ದರೆ ಈ ದಾರಿ ಇರುತ್ತಿರಲಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಆದರೆ ಎರಡು ವರ್ಷದೊಳಗೆ ಹಾಕಬೇಕು, ಏಳು ತಿಂಗಳು ಆಗಲೇ ಹೋಗಿದೆ.

ಕಷ್ಟ ಇರುವುದು ಸಾಕ್ಷಿಯಲ್ಲಿ. ಸೂಜಿ ಮೇಲೆ ಬಿತ್ತು ಅಂತ ನೀವೇ ತೋರಿಸಬೇಕು. ಈ ವಾರವೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಸ್ಕ್ಯಾನ್ ಬೇಕಾ ಅಂತ ಕೇಳಿ. ಯಾವ ತಾರೀಖು, ಯಾವ ಕೈ, ನೋವು ಯಾವಾಗ ಶುರು ಅನ್ನುವುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕ್ಲಿನಿಕ್ಕಿನ ರಸೀದಿ ಕಳೆದಿದ್ದರೆ ಯುಪಿಐನಲ್ಲಿ ಕಟ್ಟಿದ್ದು ಫೋನಿನಲ್ಲಿ ಸಿಗಬಹುದು, ನೋಡಿ. ಫಿಸಿಯೋಥೆರಪಿ ಹೇಳಿದರೆ ಕೇಸು ಮುಗಿಯಲಿ ಅಂತ ಕಾಯಬೇಡಿ, ಮೊದಲು ಕೈ ಆಡುವಂತಾಗಲಿ.