ಕಿವಿಯೊಳಗೆ ಟಿಕ್ ಟಿಕ್, ಸದಾ ಬಿಗಿತ, ಪಾತ್ರೆ ಸದ್ದಿಗೂ ನೋವು: ಏನು ಮಾಡಲಿ?

ಪ್ರಶ್ನೆ: ನನಗೆ 41 ವರ್ಷ, ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಕಳೆದ ಚಳಿಗಾಲದಲ್ಲಿ ಬಂದ ನೆಗಡಿ ವಾಸಿಯಾದರೂ ಬಲಗಿವಿ ಮುಚ್ಚಿಕೊಂಡಂತೆಯೇ ಉಳಿದಿದೆ. ಉಗುಳು ನುಂಗಿದಾಗ, ಆಕಳಿಸಿದಾಗ ಒಳಗೆ ‘ಟಿಕ್’ ಎನ್ನುತ್ತದೆ. ರಾತ್ರಿ ಸುಮ್ಮನೆ ಮಲಗಿದ್ದಾಗಲೂ ಕೆಲವೊಮ್ಮೆ ಟಪಟಪ ಸದ್ದು ಕೇಳುತ್ತದೆ. ಸ್ಟೀಲ್ ಪಾತ್ರೆಗಳು ಒಂದಕ್ಕೊಂದು ತಾಗಿದರೆ, ಕುಕ್ಕರ್ ಕೂಗಿದರೆ, ಮಕ್ಕಳು ಒಟ್ಟಿಗೆ ಕಿರುಚಿದರೆ ಕಿವಿಗೆ ಚುಚ್ಚಿದಂತಾಗುತ್ತದೆ. ಹತ್ತಿ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ, ಈಗ ಮನೆಯಲ್ಲೂ ಅದನ್ನು ತೆಗೆಯಲು ಧೈರ್ಯವಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡು ಎಂದು ಅತ್ತೆಯವರು ಹೇಳುತ್ತಾರೆ. ಎಲ್ಲ ನಿನ್ನ ಮನಸ್ಸಿನ ಭ್ರಮೆ ಎಂದು ಯಜಮಾನರು ಹೇಳುತ್ತಾರೆ. ವೈದ್ಯರೊಬ್ಬರು ಟಾರ್ಚ್ ಹಾಕಿ ನೋಡಿ ಏನೂ ಇಲ್ಲವೆಂದು ಕಳಿಸಿದರು. ನಾನು ಕಿವುಡಿಯಾಗುತ್ತೇನೆಯೇ? ಗಣಪತಿ ಹಬ್ಬ ಹತ್ತಿರ ಬರುತ್ತಿದೆ, ಡಿಜೆ ನೆನೆಸಿಕೊಂಡರೆ ನಿದ್ದೆ ಹತ್ತುವುದಿಲ್ಲ.
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮದು ಭ್ರಮೆಯಲ್ಲ. ಕಿವಿಯ ತಮಟೆ ಹೊರಗಿನಿಂದ ಚೆನ್ನಾಗಿ ಕಂಡಿತೆಂದ ಮಾತ್ರಕ್ಕೆ ಅದರ ಹಿಂದಿರುವ ಗಾಳಿಯ ಒತ್ತಡ, ಸ್ನಾಯು, ನರ ಎಲ್ಲವೂ ಸರಿಯಾಗಿವೆ ಎಂದು ಹೇಳಲು ಬರುವುದಿಲ್ಲ. ನೀವು ಬರೆದಿರುವ ಟಿಕ್ ಸದ್ದು, ಬಿಗಿತ ಮತ್ತು ಸದ್ದನ್ನು ಸಹಿಸಲಾಗದಿರುವುದು ಒಬ್ಬರಲ್ಲೇ ಒಟ್ಟಾಗಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ, ಮತ್ತು ಇವು ತಾವಾಗಿಯೇ ಕಿವುಡುತನಕ್ಕೆ ದಾರಿ ಮಾಡುವುದಿಲ್ಲ. ಆದರೆ ಇವುಗಳ ಹಿಂದೆ ಬೇರೆ ಕಾರಣವಿದೆಯೇ ಎಂಬುದನ್ನು ಟಾರ್ಚಿನ ನೋಟಕ್ಕಿಂತ ಮುಂದೆ ಹೋಗಿ ಪರೀಕ್ಷಿಸಲೇಬೇಕು.

ಮೊದಲು ಟಿಕ್ ಸದ್ದಿನ ವಿಚಾರ. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯಿದೆ, ಅದೇ ನಡುಕಿವಿ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಳಿಕೆ ಹೋಗುತ್ತದೆ. 16ನೇ ಶತಮಾನದಲ್ಲಿ ಅದನ್ನು ವಿವರಿಸಿದ ಇಟಲಿಯ ಅಂಗರಚನಾ ತಜ್ಞ ಬಾರ್ಟೊಲೊಮಿಯೊ ಯುಸ್ಟಾಕಿಯ ಹೆಸರಿನಿಂದ ಅದನ್ನು ಯುಸ್ಟೇಶಿಯನ್ ನಳಿಕೆ ಎನ್ನುತ್ತಾರೆ. ವಯಸ್ಕರಲ್ಲಿ ಸುಮಾರು 35 ಮಿಲಿಮೀಟರ್ ಉದ್ದವಿರುವ ಇದು ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ನಾವು ನುಂಗುವಾಗ, ಆಕಳಿಸುವಾಗ ಮೆದು ಅಂಗಳದ (ಬಾಯಿಯ ಮೇಲ್ಭಾಗದಲ್ಲಿ ಹಿಂದಿರುವ ಮೆತ್ತನೆಯ ಭಾಗ) ಸ್ನಾಯು ಎಳೆದಾಗ ಕ್ಷಣಕಾಲ ತೆರೆದು, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದರೊಂದಿಗೆ ಸರಿದೂಗಿಸಿ ಮತ್ತೆ ಮುಚ್ಚುತ್ತದೆ. ಅದರ ಒದ್ದೆಯಾದ ಗೋಡೆಗಳು ಒಂದನ್ನೊಂದು ಬಿಡುವಾಗ ಆಗುವ ಸದ್ದೇ ಆ ಟಿಕ್. ನೆಗಡಿಯ ನಂತರವೋ, ದೂಳಿನ ಅಲರ್ಜಿಯಿಂದಲೋ ಗೋಡೆಗಳು ಊದಿಕೊಂಡು ಅಂಟಂಟಾದಾಗ ನಳಿಕೆ ಸರಿಯಾಗಿ ತೆರೆಯುವುದಿಲ್ಲ, ತೆರೆದಾಗ ಸದ್ದು ಜೋರಾಗಿ ಕೇಳುತ್ತದೆ. ಒಳಗಿನ ಗಾಳಿಯನ್ನು ಅಲ್ಲಿನ ಅಂಗಾಂಶವೇ ಹೀರಿಕೊಳ್ಳುತ್ತಾ ಹೋಗುವುದರಿಂದ ಒತ್ತಡ ಇಳಿದು ತಮಟೆ ಒಳಕ್ಕೆ ಸೆಳೆಯಲ್ಪಡುತ್ತದೆ. ನಿಮಗೆ ಬಿಗಿತವೆನಿಸುವುದು ಬಹುಮಟ್ಟಿಗೆ ಇದರಿಂದಲೇ ಇರಬಹುದು.

ನುಂಗದೆ ಸುಮ್ಮನಿದ್ದಾಗ ಬರುವ ಟಪಟಪ ಸದ್ದಿಗೆ ಕಾರಣ ಬೇರೆ ಇರಬಹುದು. ನಡುಕಿವಿಯಲ್ಲಿ ಎರಡು ಪುಟ್ಟ ಸ್ನಾಯುಗಳಿವೆ. ಒಂದು ಸುತ್ತಿಗೆಯಾಕಾರದ ಮೂಳೆಯನ್ನು ಎಳೆದು ತಮಟೆಯನ್ನು ಬಿಗಿಗೊಳಿಸುತ್ತದೆ. ಇನ್ನೊಂದು, ದೇಹದ ಅತಿ ಚಿಕ್ಕ ಮೂಳೆಯಾದ ರಿಕಾಪಿಗೆ (ಕುದುರೆ ಸವಾರರು ಕಾಲಿಡುವ ಕೊಂಡಿಯ ಆಕಾರದ್ದು) ಅಂಟಿಕೊಂಡು, ಜೋರು ಸದ್ದು ಬಂದಾಗ ಅದನ್ನು ತಡೆಹಿಡಿಯುತ್ತದೆ. ಈ ಸ್ನಾಯುಗಳೋ ಅಂಗಳದ ಸ್ನಾಯುಗಳೋ ಕಣ್ಣಿನ ರೆಪ್ಪೆ ಅದುರುವಂತೆ ಅದುರತೊಡಗಿದರೆ ಹೀಗೆ ಸದ್ದಾಗುತ್ತದೆ. ಮುಂದಿನ ಸಲ ಸದ್ದು ಬಂದಾಗ ಬಾಯಿ ತುಸು ತೆರೆದು, ಮನೆಯವರೊಬ್ಬರಿಂದ ಟಾರ್ಚ್ ಹಿಡಿಸಿ, ಕಿರುನಾಲಿಗೆ ಮತ್ತು ಅದರ ಅಕ್ಕಪಕ್ಕದ ಅಂಗಳ ಸದ್ದಿನೊಂದಿಗೆ ಜಿಗಿಯುತ್ತಿದೆಯೇ ಎಂದು ನೋಡಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಅವರು ನಿಮ್ಮ ಕಿವಿಗೆ ತಮ್ಮ ಕಿವಿ ಒತ್ತಿ ಹಿಡಿದರೆ ಆ ಸದ್ದು ಅವರಿಗೂ ಕೇಳಿಸಬಹುದು. ಯಜಮಾನರೇ ಈ ಕೆಲಸ ಮಾಡಲಿ ಎಂದು ನನ್ನ ಅಪೇಕ್ಷೆ. ವೈದ್ಯರ ಮುಂದೆ ಕುಳಿತಾಗ ಸದ್ದು ಬಾರದೆ ಹೋಗುವುದೇ ಹೆಚ್ಚು, ಆಗ ಅರ್ಧ ನಿಮಿಷದ ಆ ದೃಶ್ಯ ಬಹಳ ನೆರವಾಗುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದಾಗಲೂ ಕಟಕಟ ಎಂದರೆ, ಅಗಿಯುವಾಗ ನೋವಿದ್ದರೆ, ಬೆಳಿಗ್ಗೆ ಎದ್ದಾಗ ದವಡೆ ಜಡವಾಗಿದ್ದರೆ, ತೊಂದರೆ ದವಡೆ ಕೀಲಿನದ್ದೂ ಆಗಿರಬಹುದು. ಅದಕ್ಕೆ ದಂತವೈದ್ಯರನ್ನು ಕಾಣಬೇಕು.

ಈಗ ಪರೀಕ್ಷೆಗಳು. ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ ಎರಡು ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ. ಒಂದು ಆಡಿಯೋಮೆಟ್ರಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ನೀವು ಎಷ್ಟು ಮೆಲ್ಲಗಿದ್ದರೂ ಕೇಳಬಲ್ಲಿರಿ ಎಂಬುದನ್ನು ಅಳೆಯುವುದು. ಇನ್ನೊಂದು ಟಿಂಪನೋಮೆಟ್ರಿ, ಕಿವಿಯ ಬಾಯಿಗೆ ಮೆತ್ತನೆಯ ತುದಿಯಿಟ್ಟು ಗಾಳಿಯ ಒತ್ತಡವನ್ನು ಏರಿಳಿಸುತ್ತಾ ತಮಟೆ ಎಷ್ಟು ಮಿಡಿಯುತ್ತದೆ ಎಂದು ನೋಡುವುದು. ಒಳಗೆ ಒತ್ತಡ ಇಳಿದಿದ್ದರೆ ಅಥವಾ ನೀರು ನಿಂತಿದ್ದರೆ ಇದರ ಗೆರೆಯಲ್ಲಿ ತಿಳಿಯುತ್ತದೆ. ಇದರ ಜೊತೆಗೆ ಕೆಲವು ಕಡೆ ಕಿವಿಯ ಸ್ನಾಯುವಿನ ಪ್ರತಿಕ್ರಿಯೆ ನೋಡಲು ಜೋರಾದ ಸ್ವರವನ್ನು ಕಿವಿಗೆ ಬಿಡುತ್ತಾರೆ. ನಿಮ್ಮಂಥವರಿಗೆ ಅದು ದಿನಗಟ್ಟಲೆ ತೊಂದರೆ ಕೊಡಬಹುದಾದ್ದರಿಂದ ನನಗೆ ಜೋರು ಸದ್ದು ಆಗುವುದಿಲ್ಲ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಎಂಆರ್‌ಐ ಬೇಕೆಂದರೂ ಹಾಗೆಯೇ, ಆ ಯಂತ್ರದ ಸದ್ದು ಬಹಳ ಜೋರು, ಕಿವಿಗೆ ರಕ್ಷಣೆ ಕೇಳಿ ಪಡೆಯಬೇಕು. ದೊಡ್ಡ ವಯಸ್ಸಿನವರಿಗೆ ಒಂದೇ ಕಿವಿಯಲ್ಲಿ ನೀರು ನಿಂತು ಹೋಗದಿದ್ದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿನಿಂದ ನೋಡಿಸುವುದು ಅವಶ್ಯ, ಏಕೆಂದರೆ ನಳಿಕೆಯ ಬಾಯಿಯ ಬಳಿ ಗಡ್ಡೆ ಬೆಳೆದರೂ ಮೊದಲ ಸೂಚನೆ ಹೀಗೆಯೇ ಬರಬಹುದು.

ಕೆಲವು ಸೂಚನೆಗಳಿದ್ದರೆ ಮಾತ್ರ ಕಾಯಬಾರದು. ಕಿವಿ ಒಮ್ಮೆಲೇ ಕೇಳಿಸದಂತಾದರೆ, ಅದು ಕೂಡ ಬಿಗಿತದಂತೆಯೇ ಅನಿಸುವುದರಿಂದ ಮೇಣವಿರಬೇಕೆಂದು ಸುಮ್ಮನಿರದೆ ಅಂದೇ ತಜ್ಞರನ್ನು ಕಾಣಿ, ಚಿಕಿತ್ಸೆ ತಡವಾದಷ್ಟೂ ಶ್ರವಣ ಮರಳುವ ಸಾಧ್ಯತೆ ಕುಗ್ಗುತ್ತದೆ. ಮುಖದ ಒಂದು ಭಾಗ ಸೊಟ್ಟಗಾಗಿ ಆ ಕಡೆಯ ಕಿವಿಗೆ ಸದ್ದು ಜೋರೆನಿಸಿದರೂ ತಕ್ಷಣ ಹೋಗಬೇಕು, ಏಕೆಂದರೆ ರಿಕಾಪಿನ ಸ್ನಾಯುವಿಗೆ ಹೋಗುವ ಎಳೆಯೂ ಮುಖದ ನರದ್ದೇ. ಬಿಗಿತದೊಂದಿಗೆ ತಲೆ ಗಿರ್ರನೆ ತಿರುಗುವುದು, ನಾಡಿಯ ಲಯದಲ್ಲಿ ಕಿವಿ ಬಡಿಯುವುದು, ಕಿವಿ ಸೋರುವುದು ಇವುಗಳಿಗೂ ತಡಮಾಡದೆ ತೋರಿಸಬೇಕು.

ಇವ್ಯಾವುವೂ ಇಲ್ಲವೆಂದಾದರೆ, ನಾನು ನಿಮಗೆ ಒತ್ತಿ ಹೇಳಬೇಕಾದದ್ದು ಆ ಹತ್ತಿಯ ಬಗ್ಗೆ. ನಿಮ್ಮ ಸಂಕಟವನ್ನು ಈಗ ಹೆಚ್ಚಿಸುತ್ತಿರುವುದು ಬಹುಶಃ ಅದೇ. ಹತ್ತಿ ನಿಜವಾದ ದೊಡ್ಡ ಸದ್ದನ್ನು ತಡೆಯುವುದು ಅತ್ಯಲ್ಪ, ಆದರೆ ಮೆಲ್ಲನೆಯ ದಿನನಿತ್ಯದ ಸದ್ದುಗಳನ್ನು ಕಿವಿಯಿಂದ ದೂರ ಮಾಡುತ್ತದೆ. ಒಳಬರುವ ಸದ್ದು ಕಡಿಮೆಯಾದಾಗ ಮಿದುಳು ಸುಮ್ಮನಿರದೆ, ಬಂದಷ್ಟನ್ನೇ ಹಿಗ್ಗಿಸಿ ಕೇಳತೊಡಗುತ್ತದೆ. ಕತ್ತಲ ಕೋಣೆಯಲ್ಲಿ ಬಹಳ ಹೊತ್ತು ಕುಳಿತವರಿಗೆ ಬಾಗಿಲು ತೆರೆದೊಡನೆ ಮಧ್ಯಾಹ್ನದ ಬಿಸಿಲು ಕಣ್ಣು ಕೋರೈಸುವುದಿಲ್ಲವೇ, ಅದೇ ರೀತಿ ಇದು. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಿವಿ ಚೆನ್ನಾಗಿದ್ದ ಸ್ವಯಂಸೇವಕರು ಎರಡು ವಾರ ಕಿವಿಗೆ ಪ್ಲಗ್ ಹಾಕಿಕೊಂಡದ್ದಕ್ಕೇ ಸದ್ದುಗಳು ಅವರಿಗೆ ಮೊದಲಿಗಿಂತ ಜೋರೆನಿಸಿದವು. ಮೆಲ್ಲನೆಯ ಸದ್ದು ಹೊರಡಿಸುವ ಸಾಧನ ಹಾಕಿಕೊಂಡವರಿಗೆ ಇದಕ್ಕೆ ತದ್ವಿರುದ್ಧವಾಗಿ ಸಹನೆ ಹೆಚ್ಚಿತು. ಆರೋಗ್ಯವಂತರ ಕಿವಿಯೇ ಹೀಗಾಗುವುದಾದರೆ, ತಿಂಗಳುಗಟ್ಟಲೆ ಹತ್ತಿ ಇಟ್ಟ ನಿಮ್ಮ ಕಿವಿಗೆ ಪಾತ್ರೆಯ ಸದ್ದು ಚುಚ್ಚುವುದರಲ್ಲಿ ಆಶ್ಚರ್ಯವಿಲ್ಲ. ಧೈರ್ಯಗೊಳ್ಳಬೇಕಾದ ಅಂಶವೆಂದರೆ, ಹೀಗೆ ಹಿಗ್ಗಿದ್ದು ಕುಗ್ಗಲೂ ಸಾಧ್ಯ.

ಹಾಗೆಂದು ನಾಳೆಯೇ ಹತ್ತಿ ಕಿತ್ತೆಸೆದು ತರಗತಿಯ ಗದ್ದಲದಲ್ಲಿ ನಿಲ್ಲಬೇಡಿ. ಮೊದಲು ಮನೆಯಲ್ಲಿ, ಶಾಂತವಾಗಿರುವ ಹೊತ್ತಿನಲ್ಲಿ ತೆಗೆಯಿರಿ. ಆದರೆ ಪೂರ್ತಿ ನಿಶ್ಶಬ್ದದಲ್ಲಿ ಕೂರಬೇಡಿ. ಫ್ಯಾನ್ ತಿರುಗುತ್ತಿರಲಿ, ಚಿತ್ರದುರ್ಗ ಆಕಾಶವಾಣಿಯನ್ನು ಮಾತು ಕೇಳಿಯೂ ಕೇಳದಷ್ಟು ಸಣ್ಣಗೆ ಇಟ್ಟುಕೊಂಡು ತರಕಾರಿ ಹೆಚ್ಚಿ. ಆ ಸದ್ದು ಇದೆ ಎಂಬುದು ಮರೆತುಹೋಗುವಷ್ಟು ರೂಢಿಯಾದ ಮೇಲೆ ಒಂದಿಷ್ಟು ಏರಿಸಿ. ಪಾತ್ರೆ ಜೋಡಿಸುವುದನ್ನು ಬೇರೆಯವರಿಗೆ ಬಿಟ್ಟು ಓಡಿಹೋಗುವುದಕ್ಕಿಂತ, ನೀವೇ ನಿಧಾನವಾಗಿ ಜೋಡಿಸುವುದು ಒಳ್ಳೆಯದು: ನಮ್ಮ ಕೈಯಿಂದಲೇ ಹುಟ್ಟುವ, ಬರುತ್ತದೆಂದು ಗೊತ್ತಿರುವ ಸದ್ದು ಅಷ್ಟು ಬಾಧಿಸುವುದಿಲ್ಲ. ನಂತರ ಬೀದಿ, ಆಮೇಲೆ ಸ್ಟಾಫ್ ರೂಮ್, ಕೊನೆಗೆ ತರಗತಿ. ನೋವಾದ ದಿನ ಒಂದು ಹೆಜ್ಜೆ ಹಿಂದೆ ಬನ್ನಿ, ಆದರೆ ಹತ್ತಿಗೆ ಮರಳಬೇಡಿ. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯುತ್ತವೆ. ಒಬ್ಬರೇ ಮಾಡುವುದು ಕಷ್ಟವೆನಿಸಿದರೆ ಆಡಿಯಾಲಜಿಸ್ಟರ, ಅಂದರೆ ಶ್ರವಣ ತಜ್ಞರ, ಮಾರ್ಗದರ್ಶನದಲ್ಲಿ ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರಕ್ಕೇ ಮೀಸಲಾದ ಸಾರ್ವಜನಿಕ ಸಂಸ್ಥೆ.

ಭಯವೂ ಈ ಚಕ್ರದ ಒಂದು ಭಾಗ. ಸದ್ದು ಬರಬಹುದೆಂಬ ಆತಂಕದಲ್ಲೇ ತಮಟೆಯನ್ನು ಬಿಗಿಯುವ ಸ್ನಾಯು ಸೆಟೆದುಕೊಳ್ಳಬಹುದು, ಅದರಿಂದ ಬಿಗಿತ ಮತ್ತು ನೋವು, ನೋವಿನಿಂದ ಇನ್ನಷ್ಟು ಆತಂಕ. ಇದನ್ನು ‘ಮನಸ್ಸಿನದ್ದು’ ಎಂದು ತಳ್ಳಿಹಾಕುವುದು ತಪ್ಪು, ಮನಸ್ಸಿಗೂ ಚಿಕಿತ್ಸೆ ಪಡೆಯುವುದು ತಪ್ಪಲ್ಲ. ನಿದ್ದೆಗೆಟ್ಟು ದಿನಗಳು ಕಳೆಯುತ್ತಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಬೆಳ್ಳುಳ್ಳಿ ಎಣ್ಣೆ ಖಂಡಿತ ಬೇಡ. ತೊಂದರೆಯಿರುವುದು ತಮಟೆಯ ಹಿಂದೆ, ಎಣ್ಣೆ ಅಲ್ಲಿಗೆ ತಲುಪುವುದಿಲ್ಲ. ತಮಟೆಯಲ್ಲಿ ತೂತಿದ್ದು ತಲುಪಿದರೆ ಅಪಾಯವೇ. ಹೇರ್‌ಪಿನ್, ಬೆಂಕಿಕಡ್ಡಿಗಳ ವಿಷಯ ಹೇಳುವುದೇ ಬೇಡ. ಅಲರ್ಜಿಯಿದೆಯೆಂದು ವೈದ್ಯರು ಮೂಗಿಗೆ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಕೊಟ್ಟರೆ, ತಲೆಯನ್ನು ತುಸು ಮುಂದೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ನಡುಗೋಡೆಗೆ ತಾಗದಂತೆ ಕಿವಿಯ ಕಡೆಗೆ ತಿರುಗಿಸಿ ಹೊಡೆದುಕೊಳ್ಳಿ. ಅದರ ಗುಣ ಕಾಣಲು ಒಂದೆರಡು ವಾರ ಬೇಕು. ಔಷಧಿ ಅಂಗಡಿಯಲ್ಲಿ ತಾವಾಗಿಯೇ ಕೊಂಡುಕೊಳ್ಳುವ, ಮೂಗು ತಕ್ಷಣ ಬಿಚ್ಚುವ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಕಿವಿಯ ಬಿಗಿತ ಬಿಡಿಸಲು ಮೂಗು ಹಿಡಿದು ಬಾಯಿ ಮುಚ್ಚಿ ಊದುವುದನ್ನು ಮೆಲ್ಲಗೆ ಮಾಡಬಹುದು, ನೆಗಡಿ ಇದ್ದಾಗ ಬೇಡ. ಮೂಗು ಹಿಡಿದು ಒಂದು ಗುಟುಕು ನೀರು ನುಂಗುವುದು ಅದಕ್ಕಿಂತ ಮೃದುವಾದ ಉಪಾಯ.

ಕೊನೆಗೆ ಡಿಜೆ. ಇಲ್ಲಿ ಮಾತ್ರ ನಿಮ್ಮ ಭಯಕ್ಕೆ ನ್ಯಾಯವಿದೆ, ಇಲ್ಲಿ ಕಿವಿ ಮುಚ್ಚಿಕೊಳ್ಳುವುದು ಸರಿಯೇ. ಔದ್ಯೋಗಿಕ ಆರೋಗ್ಯದ ಒಂದು ಅಂಗೀಕೃತ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ಸಹಿಸಬಹುದಾದರೆ, 100 ಡೆಸಿಬಲ್‌ನಲ್ಲಿ ಸುರಕ್ಷಿತ ಅವಧಿ ಬರೀ 15 ನಿಮಿಷ. ಡಿಜೆ ಪೆಟ್ಟಿಗೆಗಳ ಮುಂದೆ ಇದಕ್ಕಿಂತಲೂ ಜೋರಿರುವುದುಂಟು. ಹತ್ತಿಯ ಬದಲು ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಕೊಳ್ಳಿ. ಬೆರಳುಗಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು ಅದು ಅರಳುವವರೆಗೆ ಬೆರಳಿನಿಂದ ಹಿಡಿದಿರಿ. ಮೆರವಣಿಗೆ ದಾಟಿದ ಮೇಲೆ ತೆಗೆದುಬಿಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹೊತ್ತು ಮೀರಿದರೆ 112ಕ್ಕೆ ಕರೆ ಮಾಡುವುದು ನಿಮ್ಮ ಹಕ್ಕು, ಅದು ದೇವರಿಗಾಗಲೀ ಹಬ್ಬಕ್ಕಾಗಲೀ ಮಾಡುವ ಅಪಚಾರವಲ್ಲ.

ಪ್ರಶ್ನೆ: ಭೀಮಸಮುದ್ರದ ಹತ್ತಿರ ನಮ್ಮ ತೋಟ. ವಯಸ್ಸು 29. ಐದಾರು ವರ್ಷದಿಂದ ಅಡಿಕೆ, ಗುಟ್ಕಾ ಅಗಿಯುವ ಅಭ್ಯಾಸವಿದೆ. ಈಚೆಗೆ ಎರಡೂ ಕಿವಿ ಕಟ್ಟಿದಂತಿವೆ, ನುಂಗಿದರೂ ಬಿಡುವುದಿಲ್ಲ. ಖಾರ ತಿಂದರೆ ಬಾಯಿ ಉರಿಯುತ್ತದೆ. ಇವೆರಡಕ್ಕೂ ಸಂಬಂಧವಿದೆಯೇ?
— ಓದುಗ, ಚಿತ್ರದುರ್ಗ ಜಿಲ್ಲೆ

ಉತ್ತರ: ಸಂಬಂಧವಿರಬಹುದು, ಮತ್ತು ಕಿವಿಗಿಂತ ಬಾಯಿಯ ವಿಷಯವೇ ತುರ್ತಿನದು. ಅಡಿಕೆಯನ್ನು ನಿರಂತರ ಅಗಿಯುವವರಲ್ಲಿ ಬಾಯಿಯ ಒಳಪದರದ ಕೆಳಗೆ ನಾರು ಕಟ್ಟಿಕೊಂಡು ಕೆನ್ನೆ, ಅಂಗಳಗಳು ಬಿರುಸಾಗುವ ಕಾಯಿಲೆಯಿದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಅದರ ಹೆಸರು. ಖಾರಕ್ಕೆ ಉರಿಯುವುದು ಅದರ ಮೊದಲ ಲಕ್ಷಣಗಳಲ್ಲೊಂದು. ನಳಿಕೆಯನ್ನು ತೆರೆಯುವ ಸ್ನಾಯುಗಳು ಅಂಗಳದಲ್ಲೇ ಇರುವುದರಿಂದ ಅಲ್ಲಿಗೆ ನಾರು ಹಬ್ಬಿದರೆ ಕಿವಿ ಬಿಚ್ಚುವುದಿಲ್ಲ. ಬಾಯಿ ಪೂರ್ತಿ ತೆರೆದು, ಮುಂದಿನ ಮೇಲು ಕೆಳ ಹಲ್ಲುಗಳ ನಡುವೆ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ನೋಡಿ. ಹಿಡಿಸದಿದ್ದರೆ ಬಾಯಿ ಆಗಲೇ ಬಿಗಿಯುತ್ತಿದೆ. ಈ ಕಾಯಿಲೆ ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯಿರುವಂಥದ್ದು, ಆದ್ದರಿಂದ ಹಿಡಿಸಿದರೂ ಹಿಡಿಸದಿದ್ದರೂ ಈ ವಾರವೇ ದಂತವೈದ್ಯಕೀಯ ಕಾಲೇಜೊಂದಕ್ಕೆ ಹೋಗಿ ತೋರಿಸಿ, ದಾವಣಗೆರೆ ಚಿತ್ರದುರ್ಗದ ಜನರಿಗೆ ಅದು ದೂರದ ಮಾತಲ್ಲ. ಗುಟ್ಕಾ ಮಾತ್ರ ಬಿಟ್ಟು ಬರೀ ಅಡಿಕೆ ಹಾಕುತ್ತೇನೆ ಎಂದರೆ ನಡೆಯದು, ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ. ತೋಟ ನಿಮ್ಮ ಜೀವನಾಧಾರ ಎಂಬುದು ಗೊತ್ತಿದೆ. ಬೆಳೆಯಿರಿ, ಮಾರಿ, ಬಾಯಿಗೆ ಮಾತ್ರ ಹಾಕಬೇಡಿ. ಅಲ್ಲಿಗೆ ಹೋದಾಗ ಕಿವಿಯ ವಿಷಯವನ್ನೂ ಹೇಳಿ, ಟಿಂಪನೋಮೆಟ್ರಿಗೆ ಚೀಟಿ ಬರೆಸಿಕೊಳ್ಳಿ.